ಮೂರು ಹೊತ್ತು ಉಂಡವರ ಪಟ್ಟಿ

ಹನುಮಕ್ಕ ಬಿಂದುಶ್ರೀಯನ್ನು ಮೊದಲು ನೋಡಿದ್ದು ಎರಡು ಸಾವಿರದ ಇಸವಿಯ ಡಿಸೆಂಬರಿನಲ್ಲಿ, ಒಂದು ಭಾನುವಾರ ಬೆಳಿಗ್ಗೆ. ಮಾರೇನಹಳ್ಳಿಯ ಹಳೇ ಬೀದಿಯಲ್ಲಿ ಮನೆ ಮುಂದಿನ ಜಗಲಿಯ ಮೇಲೆ ಬಿಸಿಲಿಗೆ ಬೆನ್ನು ಕೊಟ್ಟು ಕೂತು, ಹಿಂದಿನ ದಿನ ನೆನೆಹಾಕಿದ್ದ ಅವರೆಕಾಳನ್ನು ಒಂದೊಂದಾಗಿ ಹಿಸುಕಿ ಸಿಪ್ಪೆ ಬಿಡಿಸುತ್ತಿದ್ದಳು. ಎದುರು ಮನೆಯ ಮಹಡಿಗೆ ಬಾಡಿಗೆಗೆ ಬಂದು ಇನ್ನೂ ಹದಿನೈದು ದಿನ ಆಗಿರದ ಸಂಸಾರದ ಹುಡುಗಿ, ಹದಿನಾಲ್ಕು ವರ್ಷದವಳು, ಮೆಟ್ಟಿಲಿಳಿದು ಬಂದವಳೇ ಪಕ್ಕದಲ್ಲಿ ಕೂತು ಪಾತ್ರೆಗೆ ಕೈ ಹಾಕಿದಳು.

"ಯಾರೇ ನೀನು?"

"ಬಿಂದುಶ್ರೀ ಅಂತ ಅಜ್ಜಿ. ಮೇಲಿಂದ ನೋಡ್ತಾ ಇದ್ದೆ. ನಾಲ್ಕು ಕಾಳು ಹಿಸುಕಿದ್ರೆ ಒಂದ್ಸಲ ಹೆಬ್ಬೆರಳು ಉಜ್ಕೊಳ್ತೀರಿ. ನೋಯುತ್ತಾ?"

"ಅರವತ್ತೈದು ವರ್ಷದ ಬೆರಳು ಕಣೇ, ನೋಯ್ದೆ ಹಾಡು ಹೇಳುತ್ತಾ? ಮೊದ್ಲು ಹೋಗಿ ಕೈ ತೊಳ್ಕೊಂಡು ಬಾ."

ಹುಡುಗಿ ಹೋಗಿ ಕೈ ತೊಳೆದುಕೊಂಡು ಬಂದಳು. ಮೊದಲ ಇಪ್ಪತ್ತು ಕಾಳುಗಳಲ್ಲಿ ಹನ್ನೆರಡು ಅವಳ ಕೈಯಲ್ಲಿ ನಜ್ಜುಗುಜ್ಜಾದವು. ಆಮೇಲೆ ಹದ ಸಿಕ್ಕಿತು. ಸೇರಿನಷ್ಟು ಕಾಳು ಮುಗಿಯುವವರೆಗೂ ಅವಳು ಏಳಲಿಲ್ಲ.

ಅಂದಿನಿಂದ ಆ ಬೀದಿಯ ಮುದುಕ ಮುದುಕಿಯರೆಲ್ಲ ಅವಳಿಗೆ ನೆಂಟರಾದರು. ಕಣ್ಣಿನ ಆಪರೇಷನ್ ಆಗಿದ್ದ ಕೃಷ್ಣಯ್ಯನವರಿಗೆ ದಿನಕ್ಕೆ ಮೂರು ಸಲ ಹನಿ ಹಾಕಿದವಳು ಅವಳೇ. ಮೂಲೆಮನೆಯ ಲಕ್ಷ್ಮಿದೇವಮ್ಮನ ಸೂಜಿಗೆ ದಾರ ಪೋಣಿಸುತ್ತಿದ್ದವಳೂ ಅವಳೇ. ಹನುಮಕ್ಕನಿಗೆ ರುಜು ಹಾಕುವಷ್ಟು ಅಕ್ಷರ ಬರುತ್ತಿತ್ತು, ಓಡುವ ಬಸ್ಸಿನ ಬೋರ್ಡು ಓದುವಷ್ಟು ಬರುತ್ತಿರಲಿಲ್ಲ. ಅದಕ್ಕಾಗಿ ಹುಡುಗಿ ಅತ್ತಿಗುಪ್ಪೆಯ ಬಸ್‌ಸ್ಟಾಪಿನವರೆಗೂ ಜೊತೆಗೆ ಬಂದು ಬಸ್ಸು ಹತ್ತಿಸಿ ಹೋಗುತ್ತಿದ್ದಳು.

"ನಮ್ಮ ಬಿಂದು ಫ್ರೆಂಡ್ಸೆಲ್ಲ ಅರವತ್ತು ದಾಟಿದೋರೇ. ಇವಳ ಮದುವೆ ಹೊತ್ತಿಗೆ ಒಬ್ರೂ ಉಳ್ಯಲ್ಲ" ಎಂದು ಅವಳ ತಾಯಿ ರೇಗಿಸುತ್ತಿದ್ದರು.

ಪಿಯುಸಿ ಆದ ಮೇಲೆ ಅವಳು ಸಮಾಜಶಾಸ್ತ್ರ ಹಿಡಿದಳು. ಬಿ.ಎ. ಮುಗಿಸಿ ಎಂ.ಎ. ಸೇರಿದಳು. ವಯಸ್ಸಾದವರ ಬದುಕಿನ ಮೇಲೆ ಓದುತ್ತೇನೆ, ಮುಂದೆ ಪಿಎಚ್.ಡಿ. ಮಾಡುತ್ತೇನೆ ಎಂದಾಗ ಅವಳಪ್ಪ ಲಕ್ಷ್ಮೀಪತಿಗೆ ನಗು ಬಂತು. "ಅದಕ್ಕೂ ಒಂದು ಓದೇನೇ? ಮುದುಕರಾದ್ರೆ ತಾನಾಗೇ ಗೊತ್ತಾಗುತ್ತೆ" ಎಂದರು. ನಕ್ಕರೂ ಫೀಸು ಕಟ್ಟಿದರು.

ಎಂ.ಎ. ಕೊನೆಯ ವರ್ಷ ಅವಳು ಆರಿಸಿಕೊಂಡ ವಿಷಯ ವಯಸ್ಸಾದವರ ಊಟ. ಎರಡು ಸಾವಿರದ ಎಂಟರ ನವೆಂಬರ್ ಪೂರ್ತಿ ಮಾರೇನಹಳ್ಳಿ, ಅತ್ತಿಗುಪ್ಪೆ, ಮಲ್ಲತ್ತಹಳ್ಳಿ ಸುತ್ತಿ ಅರವತ್ತು ಜನರಿಂದ ಫಾರಂ ತುಂಬಿಸಿಕೊಂಡಳು. ಅದರಲ್ಲಿ ಹನುಮಕ್ಕನದೂ ಒಂದು.

ಜನವರಿಯ ಎರಡನೇ ವಾರ ಅವಳು ಕಾಲೇಜಿನಿಂದ ನೇರ ಹನುಮಕ್ಕನ ಜಗಲಿಗೆ ಬಂದಳು. ಫಾರಂಗಳ ಕಟ್ಟನ್ನು ಧೊಪ್ಪೆಂದು ಹಾಕಿದಳು.

"ಏನಾಯ್ತೇ? ಮುಖ ಯಾಕೆ ಹಂಗಿದೆ?"

"ನಮ್ಮ ಗೈಡ್ ವಿಜಯಶ್ರೀ ಮೇಡಂ ಇದನ್ನ ಒಪ್ಪಲಿಲ್ಲ ಅಜ್ಜಿ. ಅರವತ್ತು ಜನದಲ್ಲಿ ಐವತ್ತೊಂಬತ್ತು ಜನ ಮೂರು ಹೊತ್ತೂ ಊಟ ಮಾಡ್ತಾರಂತೆ. ಉಳಿದ ಒಬ್ರು ಅವತ್ತು ಏಕಾದಶಿ ಉಪವಾಸ ಇದ್ರು. 'ಇಂಥ ಸ್ವರ್ಗ ಬೆಂಗಳೂರಲ್ಲಿ ಎಲ್ಲಿದೆಯಮ್ಮಾ, ನಾನೂ ಹೋಗಿ ಮನೆ ಮಾಡ್ತೀನಿ' ಅಂತ ನಕ್ಕುಬಿಟ್ರು."

"ನಗಲಿ ಬಿಡು."

"ಮಾರ್ಚ್ ಕೊನೇಲಿ ಪ್ರಬಂಧ ಕೊಡ್ಬೇಕು. ಅದು ಚೆನ್ನಾಗಿದ್ರೆ ಮಾತ್ರ ಪಿಎಚ್.ಡಿ.ಗೆ ಮೇಡಂ ಶಿಫಾರಸು ಬರೆಯೋದು. ಇಲ್ಲಾಂದ್ರೆ ಇಲ್ಲಿಗೇ ಮುಗೀತು. ಅಪ್ಪ ಆಗ್ಲೇ ಬ್ಯಾಂಕ್ ಪರೀಕ್ಷೆ ಅರ್ಜಿ ತಂದಿಟ್ಟಿದ್ದಾರೆ."

ಹನುಮಕ್ಕ ಫಾರಂಗಳ ಕಟ್ಟನ್ನು ಅವಳತ್ತ ತಳ್ಳಿ, "ಏನು ಕೇಳಿದ್ದೀಯ, ಓದು" ಎಂದಳು.

ಬಿಂದುಶ್ರೀ ಮೇಲಿನ ಹಾಳೆ ತೆಗೆದು ಓದಿದಳು. ಹೆಸರು. ಮನೆ ನಂಬರ್. ಮನೆಯ ಯಜಮಾನರ ಹೆಸರು. ತಾವು ದಿನಕ್ಕೆ ಎಷ್ಟು ಹೊತ್ತು ಊಟ ಮಾಡುತ್ತೀರಿ?

"ಇದನ್ನ ಎಲ್ಲಿ ಕೂತು ಕೇಳ್ದೆ?"

"ಅವರವರ ಮನೇಲೇ. ಸೊಸೆಯಂದಿರು ಕಾಫಿ ಕೊಟ್ರು, ಕುಡೀತಾ ಕೇಳ್ದೆ."

"ಆ ಕಾಫಿ ಕುಡೀತಾ, ಆ ಸೊಸೆ ಎದುರಿಗೆ, ಮಗನ ಹೆಸರು ಬರ್ಕೊಂಡು, ನಿಂಗೆ ಊಟ ಹಾಕ್ತಾರಾ ಅಂತ ಕೇಳಿದೀಯ. ಯಾವ ಮುದುಕಿ ತನ್ನ ಮನೆ ಮಾನ ಕಳೀತಾಳೆ? ಉಣ್ಣದಿದ್ರೂ ಉಂಡೆ ಅಂತಾಳೆ."

"ಎಲ್ರೂನಾ ಅಜ್ಜಿ?"

ಹನುಮಕ್ಕ ಸೆರಗಿನ ತುದಿಯನ್ನು ಎರಡು ಸಲ ಮಡಿಸಿದಳು, ಬಿಚ್ಚಿದಳು. "ನಾನೂ ಸುಳ್ಳೇ ಹೇಳಿದ್ದು ಕಣೇ" ಎಂದಳು.

ಗಂಡ ರಾಮಯ್ಯ ತೀರಿಕೊಂಡ ಮೇಲೆ ಹನುಮಕ್ಕ ಅದೇ ಮನೆಯಲ್ಲಿ ಮೈದುನನ ಮಗ ಯಶ್ವಂತನ ಸಂಸಾರದ ಜೊತೆ ಇದ್ದಳು. ಅವನ ಹೆಂಡತಿ ಕಲಾವತಿ ಕೆಟ್ಟವಳಲ್ಲ. ರಾತ್ರಿ ಎಂಟರ ಹೊತ್ತಿಗೆಲ್ಲ ಅಡುಗೆ ಮುಗಿಸಿರುತ್ತಿದ್ದಳು. ಆದರೆ ಯಶ್ವಂತ ಹಾರ್ಡ್‌ವೇರ್ ಅಂಗಡಿ ಮುಚ್ಚಿ ಬರುವುದು ಹತ್ತಕ್ಕೆ. ಯಜಮಾನ ಬಂದು ಕೂರುವ ಮೊದಲು ಪಾತ್ರೆಯ ಮುಚ್ಚಳ ತೆಗೆಯುವ ಪದ್ಧತಿ ಆ ಮನೆಯಲ್ಲಿರಲಿಲ್ಲ. ಹಾಗೆಂದು ಯಾರೂ ಹೇಳಿರಲಿಲ್ಲ, ಯಾರೂ ಮೀರಿಯೂ ಇರಲಿಲ್ಲ. ಹನುಮಕ್ಕನಿಗೆ ಏಳಕ್ಕೇ ಹಸಿವಾಗುತ್ತಿತ್ತು. "ಹಸಿವಿಲ್ಲ ಕಣಮ್ಮ" ಎಂದು ಹೇಳಿ, ಒಂದು ಬನ್ನನ್ನು ನೀರಿನಲ್ಲಿ ಅದ್ದಿ ತಿಂದು ಮಲಗುತ್ತಿದ್ದಳು. ಹಾಗೆ ನಾಲ್ಕು ವರ್ಷ ಕಳೆದಿತ್ತು.

ಬಿಂದುಶ್ರೀ ದುಪಟ್ಟಾದಿಂದ ಕಣ್ಣೊರೆಸಿಕೊಂಡಳು. ಎಂಟು ವರ್ಷದಿಂದ ದಿನಾ ನೋಡುತ್ತಿದ್ದ ಅಜ್ಜಿ!

"ಅಳ್ಬೇಡ. ನಿನ್ನ ಕಾಗದ ಸರಿ ಮಾಡೋ ದಾರಿ ನೋಡೋಣ" ಎಂದಳು ಹನುಮಕ್ಕ. "ಈಗ ಅವರೆಕಾಯಿ ಕಾಲ. ನಾಳೆಯಿಂದ ನೆನೆಸಿದ ಕಾಳು ತಗೊಂಡು ಇಬ್ರೂ ಹೋಗೋಣ. ಮನೆ ಒಳಗಲ್ಲ, ಜಗಲಿ ಮೇಲೆ, ಗುಡಿ ಕಟ್ಟೆ ಮೇಲೆ. ಕೈಗೆ ಕೆಲಸ ಇದ್ರೆ ಬಾಯಿ ತಾನಾಗಿ ಆಡುತ್ತೆ. ಫಾರಂ ತೆಗೀಬೇಡ. ಊಟ ಆಯ್ತಾ ಅಂತ ಕೇಳ್ಬೇಡ, ರಾತ್ರಿ ಸಾರು ಹೆಂಗಿತ್ತು ಅಂತ ಕೇಳು."

"ಅದ್ರಿಂದ ಏನು ಗೊತ್ತಾಗುತ್ತೆ?"

"ನೋಡ್ತಾ ಇರು."

ಮೊದಲು ಸಿಕ್ಕಿದವಳು ಲಕ್ಷ್ಮಿದೇವಮ್ಮ. "ರಾತ್ರಿ ಸಾರಾ? ಅದು ಸಾರಲ್ಲ ಕಣೇ, ಹುಣಸೆಹಣ್ಣು ತೊಳೆದ ನೀರು! ನಮ್ಮ ಸೊಸೆಗೆ ಉಪ್ಪಿನ ಡಬ್ಬ ಕಾಣಲ್ಲ, ಟೀವಿ ಮಾತ್ರ ಕಾಣುತ್ತೆ" ಎಂದು ಕಾಲು ಗಂಟೆ ದೂರಿದಳು. ಅವಳ ಪಕ್ಕದ ಇನ್ನೊಬ್ಬ ಮುದುಕಿ, "ನಮ್ಮನೇಲಿ ಚೆನ್ನಾಗಿತ್ತಮ್ಮ, ಎಲ್ಲಾ ಚೆನ್ನಾಗಿತ್ತು" ಎಂದಳಷ್ಟೆ. ಹನುಮಕ್ಕ ಮೊಣಕಾಲಿನಿಂದ ಬಿಂದುಶ್ರೀಯನ್ನು ಮೆಲ್ಲಗೆ ತಿವಿದಳು. ಉಂಡವಳು ಒಂದಾದರೂ ತಪ್ಪು ಹುಡುಕುತ್ತಾಳೆ. ತಪ್ಪೇ ಕಾಣದವಳು ಆ ಸಾರನ್ನು ನೋಡಿಯೇ ಇಲ್ಲ.

ಬಿಂದುಶ್ರೀ ಕೆದಕಲಿಲ್ಲ. ತಲೆ ತಗ್ಗಿಸಿ ಕಾಳು ಹಿಸುಕುತ್ತ ಕೂತಳು. ಅವಳಿಗೆ ಹುಟ್ಟಿನಿಂದ ಬಂದಿದ್ದು ಅದೊಂದೇ, ಮುದುಕರ ಪಕ್ಕ ಆತುರವಿಲ್ಲದೆ ಕೂರುವುದು. ಸ್ವಲ್ಪ ಹೊತ್ತಾದ ಮೇಲೆ ಆ ಮುದುಕಿ ತಾನಾಗಿಯೇ, "ಅವರು ಊಟಕ್ಕೆ ಕೂರೋ ಹೊತ್ತಿಗೆ ನಂಗೆ ನಿದ್ದೆ ಬಂದ್ಬಿಡುತ್ತೆ ಕಣಮ್ಮ" ಎಂದಳು.

"ಅಜ್ಜಿ, ಹೆಸರು ಹಾಕಲ್ಲ, ಮನೆ ನಂಬರೂ ಹಾಕಲ್ಲ. ಈ ಮಾತು ಬರ್ಕೊಳ್ಲಾ?"

"ಹೆಸರು ಹಾಕ್ದಿದ್ರೆ ಬರ್ಕೋ."

ಐದು ವಾರ ಇಬ್ಬರೂ ಹೀಗೆ ತಿರುಗಿದರು. ಅರವತ್ತರಲ್ಲಿ ಹದಿಮೂರು ಜನ ಬರೆಯಬೇಡ ಎಂದರು, ಅವರದನ್ನು ಬಿಟ್ಟಳು. ಉಳಿದ ನಲವತ್ತೇಳರಲ್ಲಿ ಇಪ್ಪತ್ತೊಂದು ಜನ ರಾತ್ರಿ ಉಣ್ಣುತ್ತಿರಲಿಲ್ಲ. ಆ ಇಪ್ಪತ್ತೊಂದರಲ್ಲಿ ಮನೆಯಲ್ಲಿ ಉಣ್ಣಲು ಇಲ್ಲದೆ ಉಪವಾಸವಿದ್ದವರು ನಾಲ್ಕೇ ಜನ. ಮಿಕ್ಕ ಹದಿನೇಳು ಮನೆಗಳಲ್ಲಿ ಅಡುಗೆ ಆಗಿರುತ್ತಿತ್ತು, ಬಡಿಸುವ ಹೊತ್ತು ಮಾತ್ರ ಆಗಿರುತ್ತಿರಲಿಲ್ಲ.

ಮಾರ್ಚ್ ಇಪ್ಪತ್ತಾರರಂದು ಬಿಂದುಶ್ರೀ ಪ್ರಬಂಧ ಕೊಟ್ಟಳು. ಆ ವಾರ ಹನುಮಕ್ಕ ಯಾವ ಕೆಲಸ ಹಿಡಿದರೂ ಕಣ್ಣು ಎದುರು ಮಹಡಿಯ ಮೆಟ್ಟಿಲಿನ ಮೇಲೇ ಇರುತ್ತಿತ್ತು. ಎಂಟನೇ ದಿನ ಮಧ್ಯಾಹ್ನ ಹುಡುಗಿ ಬೀದಿಯ ತುದಿಯಿಂದಲೇ ಓಡಿ ಬಂದಳು. ಚಪ್ಪಲಿ ಒಂದು ಕಡೆ, ದುಪಟ್ಟಾ ಒಂದು ಕಡೆ.

"ಒಪ್ಪಿದ್ರು ಅಜ್ಜಿ! ಹದಿನೇಳು ಮನೆ ವಿಷಯ ಓದಿ ಮೇಡಂ ತಮ್ಮ ತಾಯಿಗೆ ಫೋನ್ ಮಾಡಿದ್ರಂತೆ, ರಾತ್ರಿ ಸಾರು ಹೆಂಗಿತ್ತು ಅಂತ. ಶಿಫಾರಸು ಬರ್ದುಕೊಟ್ರು!"

ಹನುಮಕ್ಕ ಎದೆಯ ಮೇಲೆ ಕೈ ಇಟ್ಟುಕೊಂಡು ಜಗಲಿಯ ಕಂಬಕ್ಕೆ ಒರಗಿದಳು. ಎರಡು ತಿಂಗಳಿಂದ ಹಿಡಿದಿಟ್ಟಿದ್ದ ಉಸಿರು ಆಗ ಬಿಟ್ಟ ಹಾಗಾಯಿತು. ಸಂಜೆ ಲಕ್ಷ್ಮೀಪತಿ ತಾನೇ ಕೆಳಗಿಳಿದು ಬಂದು ಮೈಸೂರ್‌ಪಾಕ್ ಕೊಟ್ಟು, "ಬ್ಯಾಂಕ್ ಅರ್ಜಿ ಹರಿದು ಹಾಕ್ದೆ ಕಣಮ್ಮ" ಎಂದು ಹೇಳಿ ಹೋದರು.

ಜೂನಿನಲ್ಲಿ ಬಿಂದುಶ್ರೀಗೆ ಮೈಸೂರಿನಲ್ಲಿ ಪಿಎಚ್.ಡಿ. ಸೀಟು ಸಿಕ್ಕಿತು. ಹೊರಡುವ ದಿನ ಆಟೊದಲ್ಲಿ ಸಾಮಾನು ಹಾಕಿಸಿ, ಹನುಮಕ್ಕನ ಕಾಲಿಗೆ ಬಿದ್ದು ಎದ್ದಳು. ಒಳಗೆ ಕಲಾವತಿ ಅಕ್ಕಿ ಆರಿಸುತ್ತಿದ್ದಳು. ಆಟೊದವನು ಹಾರನ್ ಹೊಡೆದ. ಬಿಂದುಶ್ರೀ ಹೋಗಲಿಲ್ಲ, ಹನುಮಕ್ಕನ ಎರಡೂ ಕೈ ಹಿಡಿದುಕೊಂಡು ನಿಂತಳು.

"ಪ್ರಬಂಧದಲ್ಲಿ ಹೆಸರು ಹಾಕಿಲ್ಲ ಅಜ್ಜಿ, ಯಾರಿಗೂ ಹೇಳೂ ಇಲ್ಲ. ಆದ್ರೆ ಇದೊಂದು ಕೇಳ್ದೆ ನಾನು ಹೋಗಲ್ಲ" ಎಂದು ದನಿ ತಗ್ಗಿಸಿದಳು. "ಅಡುಗೆ ಆದ ತಕ್ಷಣ ನಂಗೆ ಬಡಿಸಿಬಿಡು ಅಂತ ಕಲಾವತಿ ಆಂಟಿಗೆ ನೀವೇ ಹೇಳ್ತೀರೋ, ಇಲ್ಲಾ ಈಗ ಒಳಗೆ ಹೋಗಿ ನಾನು ಹೇಳ್ಲೋ?"