ಸವಾರಿಯ ಜೊತೆ ಒಂದು ಹಗಲು

ನನ್ನ ತಮ್ಮನಿಗೆ ಅಮ್ಮ ಇಟ್ಟ ಹೆಸರು ಬೇರೆಯಿದ್ದರೂ ಈಗ ಮನೆಯವರೆಲ್ಲ ಕರೆಯುವುದು ಸವಾರಿ ಎಂದೇ. ಬೆನ್ನ ಮೇಲೆ ತನ್ನ ತಲೆಗಿಂತ ಎತ್ತರದ ಚೀಲ ಹೇರಿಕೊಂಡು ಅವನು ಬಾಗಿಲಲ್ಲಿ ಬಂದು ನಿಂತಾಗಲೆಲ್ಲ ನಮ್ಮ ಯಜಮಾನರು ಪತ್ರಿಕೆಯಿಂದ ಕಣ್ಣೆತ್ತದೆ "ಬಂತು ನೋಡು ಸವಾರಿ" ಎನ್ನುತ್ತಿದ್ದರು. ಅದೇ ಅಂಟಿಕೊಂಡಿತು. ನಲವತ್ತು ದಾಟಿದ ಗಂಡಸು. ಇದ್ದ ಕೆಲಸ ಬಿಟ್ಟು ದೇಶ ಸುತ್ತಲು ಹೊರಟು ವರ್ಷಗಳೇ ಆದವು. ಹೋದಲ್ಲೆಲ್ಲ ತನ್ನದೇ ಮುಖದ ವಿಡಿಯೋ ಮಾಡಿ ಹಾಕುತ್ತಾನೆ. ಅದನ್ನು ನೋಡುವವರೂ ಇದ್ದಾರೆ, ಲೋಕದಲ್ಲಿ ಕೆಲಸವಿಲ್ಲದವರಿಗೇನು ಬರವೇ? ಎಲ್ಲದರಲ್ಲೂ ಅವನದು ಒಂದೇ ರಾಗ: "ನನಗೆ ಮನೆ ಇಲ್ಲ, ನೆಂಟರಿಲ್ಲ. ದಾರಿಯೇ ನನ್ನ ಬಳಗ." ಹೀಗೆ ಮನೆಯಿಲ್ಲದವನ ಚಳಿಗಾಲದ ಬಟ್ಟೆ, ಹಳೇ ಪುಸ್ತಕ, ಚಕ್ರ ಸೊಟ್ಟಗಾದ ಸೈಕಲ್ಲು ಎಲ್ಲವೂ ನನ್ನ ಅಟ್ಟದಲ್ಲಿ ಧೂಳು ತಿನ್ನುತ್ತಿವೆ.

ಚಿಕ್ಕಮ್ಮನಿಗೆ ಕಣ್ಣಿನ ಆಪರೇಷನ್ ಆಗಿತ್ತು. ಅಮ್ಮ ತೀರಿಕೊಂಡ ಮೇಲೆ ನಮ್ಮಿಬ್ಬರನ್ನೂ ಸಾಕಿದವಳು ಅವಳೇ. ಇರುವುದು ಕೊಲ್ಲಿಯ ಆಚೆ ದಡದಲ್ಲಿ. ಸೇತುವೆ ದಾಟಿ ನೇರ ಹೋಗುವ ಎಕ್ಸ್‌ಪ್ರೆಸ್ ಬಸ್ಸಿದೆ. ನಾನು ಅದಕ್ಕೇ ಹೊರಟಿದ್ದೆ. ಆಗ ಮನೆಯಲ್ಲೇ ಇದ್ದ ಸವಾರಿ ಬಿಡಲಿಲ್ಲ.

"ಅದರಲ್ಲಿ ಹೋದ್ರೆ ಏನು ನೋಡ್ತೀಯ ಅಕ್ಕ, ಮುಂದಿನ ಸೀಟಿನವನ ಬೋಳುತಲೆ. ನಾನೂ ಅಲ್ಲಿಗೇ ಹೋಗ್ತಾ ಇದ್ದೀನಿ. ಸಣ್ಣ ಬಸ್ಸು, ಆಮೇಲೆ ದೋಣಿ. ಪ್ರಯಾಣ ಅಂದ್ರೆ ಏನು ಅಂತ ಒಂದಿನ ಆದ್ರೂ ನೋಡು."

ನಾನು ಹೋಟೆಲು, ಆಸ್ಪತ್ರೆಗಳಿಗೆ ಪರದೆ ಹೊಲಿದುಕೊಡುವವಳು. ವರ್ಷವಿಡೀ ಕಿಟಕಿಯ ಅಳತೆ ತೆಗೆಯುತ್ತೇನೆಯೇ ಹೊರತು ಅದರಾಚೆ ಏನಿದೆ ಎಂದು ನಿಂತು ನೋಡಿದ್ದಿಲ್ಲ. ಆಸೆಯಾಯಿತು, ಒಪ್ಪಿಕೊಂಡೆ.

ಬೆಳಗ್ಗೆ ಅವನು ಚೀಲ ತುಂಬುವುದನ್ನು ನೋಡಿದೆ. ಬಟ್ಟೆಗಳನ್ನು ಚಾಪೆಯಂತೆ ಸುರುಳಿ ಸುತ್ತುತ್ತ, ಮನುಷ್ಯನಿಗೆ ಎಷ್ಟು ಕಡಿಮೆ ಸಾಕು ಎಂದು ನನಗೆ ಬೋಧನೆ ಮಾಡುತ್ತಿದ್ದ. ಆ ಕಡಿಮೆಯಲ್ಲಿ ಚಾರ್ಜರುಗಳದೇ ಒಂದು ಗಂಟು, ಇದುವರೆಗೆ ಯಾವ ಮರಕ್ಕೂ ಕಟ್ಟದ ಒಂದು ಜೋಲಿ, ಮುಖಕ್ಕೆ ಹಚ್ಚುವ ನಾಲ್ಕಾರು ಡಬ್ಬಿ ಇದ್ದವು. ಒದ್ದೆ ಟವೆಲನ್ನು ನಾನು ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಬಿಟ್ಟು ಹೊರಟ. ಹಾಸಿಟ್ಟಿದ್ದ ಬಿಳಿ ಬಟ್ಟೆಗೆ ಕಲೆಯಾಯಿತು.

ಸುಳ್ಳೇಕೆ ಹೇಳಲಿ, ಸಣ್ಣ ಬಸ್ಸು ಘಟ್ಟ ಹತ್ತುವಾಗ ನನಗೆ ಖುಷಿಯಾಯಿತು. ಕೆಳಗೆ ಹೊಳೆ ಬೆಳ್ಳಗೆ ಹೊಳೆಯುತ್ತಿತ್ತು. ತಿರುವು ದಾಟಿದಂತೆಲ್ಲ ಅದು ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಬರುತ್ತಿತ್ತು. ಸವಾರಿಯೂ ಬೋಧನೆ ಬಿಟ್ಟು ಕಿಟಕಿಯಾಚೆ ನೋಡುತ್ತಿದ್ದ. ಚಿಕ್ಕಂದಿನಲ್ಲಿ ಮಾಡುತ್ತಿದ್ದಂತೆ ನನ್ನ ಮೊಣಕೈ ತಿವಿದು ಬಂಡೆಯ ಮೇಲೆ ಕೂತಿದ್ದ ಹದ್ದನ್ನು ತೋರಿಸಿದ. ಆ ಗಳಿಗೆಯಲ್ಲಿ ಅವನ ಮೇಲೆ ಪ್ರೀತಿಯೇ ಬಂತು. ಅಷ್ಟರಲ್ಲಿ ಸೂಟ್‌ಕೇಸ್ ಹಿಡಿದ ಒಂದು ಸಂಸಾರ ಬಸ್ಸು ಹತ್ತಿತು, ಇವನಿಗೆ ಮಾತು ಮರಳಿತು.

"ನೋಡು, ಅವರು ಬರೀ ಪ್ರವಾಸಿಗರು. ಫೋಟೋ ತಗೊಂಡು ಹೋಗೋ ಜನ" ಎಂದು ಅವರಿಗೆ ಕೇಳುವಂತೆಯೇ ಹೇಳಿದ.

ಮೂರು ದಾರಿ ಕೂಡುವಲ್ಲಿ ಬಸ್ಸು ಚಹಾಕ್ಕೆ ನಿಂತಿತು. ಅಲ್ಲಿ ಮುದುಕನೊಬ್ಬ ಪಂಕ್ಚರ್ ಹಾಕುತ್ತಿದ್ದ. ನಮ್ಮ ಸವಾರಿ ಚೀಲದ ಸಮೇತ ಇಳಿದು ಫೋಟೋ ತೆಗೆಯಲು ನಿಂತ. ಟ್ಯೂಬನ್ನು ಮತ್ತೆ ನೀರಲ್ಲಿ ಅದ್ದು, ಈ ಕಡೆ ನೋಡು, ನಗಬೇಡ ಎಂದು ಮುದುಕನನ್ನು ಗೋಳುಹೊಯ್ದುಕೊಂಡ. ಬಸ್ಸಿನವನು ಹಾರ್ನ್ ಹೊಡೆದ. ಇವನಿಗೆ ಅದು ಕೇಳಿಸುವ ವಿಷಯವಲ್ಲ. ನನ್ನ ಚೀಲ ಹಿಡಿದು ಇವನನ್ನು ಎಳೆತರಲು ನಾನು ಇಳಿದೆ, ಬಸ್ಸು ಹೊರಟೇಹೋಯಿತು. ಹಿಂದಿನ ಗಾಜಿನಲ್ಲಿ ಸೂಟ್‌ಕೇಸಿನ ಸಂಸಾರ ನಮ್ಮನ್ನೇ ನೋಡುತ್ತಿತ್ತು.

"ಇನ್ನೊಂದು ಬಸ್ಸು ನಾಳೆಗೇ" ಎಂದ ಮುದುಕ.

"ಅಸಲಿ ಪ್ರಯಾಣ ಈಗ ಶುರು ಅಕ್ಕ" ಎಂದ ಸವಾರಿ. ಹಾಗೆಂದವನು ಚೀಲಕ್ಕೆ ತಲೆಯಿಟ್ಟು ಬೆಂಚಿನ ಮೇಲೆ ಮಲಗಿ ಗೊರಕೆ ಹೊಡೆದ. ಬಿಸಿಲಲ್ಲಿ ನಿಂತು ಕೈ ಅಡ್ಡ ಹಾಕಿದವಳು ನಾನು. ಕೊನೆಗೊಂದು ಸಿಮೆಂಟ್ ಲಾರಿ ನಿಂತಿತು. ಮುಂದೆ ಒಬ್ಬರಿಗಷ್ಟೇ ಜಾಗ. ಸವಾರಿಗೆ ಅದೇ ಬೇಕಿತ್ತು. ಮೂಟೆಗಳ ಮೇಲೆ ಹತ್ತಿ ಕೂತು, ಕೈ ಚಾಚಿ, ಫೋನಿಗೆ ಏನೋ ಭಾಷಣ ಬಿಗಿಯತೊಡಗಿದ.

"ಅವರು ಏನು ಕೆಲಸ ಮಾಡ್ತಾರಮ್ಮ?" ಎಂದು ಲಾರಿಯವನು ಕೇಳಿದ.

"ಊರೂರು ತಿರುಗ್ತಾನೆ."

"ನಾನೂ ಅದನ್ನೇ ಮಾಡೋದು" ಎಂದು ಅವನು ಗೇರು ಬದಲಿಸಿದ. "ಏನೋ, ಹಿಂದೆ ಸಿಮೆಂಟ್ ಇರುತ್ತೆ, ಅಷ್ಟೇ."

ಅರ್ಧ ದಾರಿಯಲ್ಲಿ ತುಂತುರು ಹನಿಯಿತು. ಮೂಟೆಗಳ ಧೂಳು, ಮೇಲೆ ನೀರು. ದೋಣಿಕಟ್ಟೆಯಲ್ಲಿ ಇಳಿದಾಗ ನನ್ನ ತಮ್ಮ ಅರ್ಧ ಕಟ್ಟಿ ಬಿಟ್ಟ ಗೋಡೆಯಂತಿದ್ದ. ಹುಬ್ಬಿನ ಮೇಲೆ ಗಾರೆ ಕೂತಿತ್ತು. ಗಾಳಿ ಜೋರಾಗಿದೆಯೆಂದು ದೋಣಿ ನಿಲ್ಲಿಸಿದ್ದರು. ನಿನ್ನೆಯಿಂದ ನನಗೆ ತಾಳ್ಮೆಯ ಪಾಠ ಹೇಳಿದವನು ಟಿಕೆಟ್ ಕಿಟಕಿಗೆ ಮುಷ್ಟಿಯಿಂದ ಗುದ್ದಿದ.

"ನಾನು ಎಷ್ಟು ದೇಶ ಸುತ್ತಿದ್ದೀನಿ ಗೊತ್ತಾ ನಿಮಗೆ?"

"ನನಗೆ ಗೊತ್ತಾದ್ರೂ ಗಾಳಿಗೆ ಗೊತ್ತಾಗಬೇಕಲ್ಲ ಸಾರ್" ಎಂದು ಒಳಗಿನವನು ಕಿಟಕಿ ಎಳೆದುಕೊಂಡ.

ಕಾಯುವವರ ಕೋಣೆಯಲ್ಲಿ ಉದ್ದ ಬೆಂಚುಗಳಿದ್ದವು, ಅಂಚು ಬಿಚ್ಚಿಹೋದ ನೀಲಿ ಪರದೆಗಳಿದ್ದವು. ಸವಾರಿ ಮೂಲೆಯಲ್ಲಿ ಕೂತು, ಬಿಸಿನೀರಿಲ್ಲ, ಮಲಗಲು ಜಾಗವಿಲ್ಲ, ಇದೆಂಥ ದರಿದ್ರ ಊರು ಎಂದು ಗೊಣಗುತ್ತಿದ್ದ. ನಾನು ಕರವಸ್ತ್ರ ಒದ್ದೆ ಮಾಡಿಕೊಂಡು ಬಂದು ಅವನ ಕುತ್ತಿಗೆ ಒರೆಸಲು ಬಗ್ಗಿದೆ. ಆಗಲೇ ಅವನ ಚೀಲದಂಥದ್ದೇ ಚೀಲ ಹೊತ್ತ ಒಬ್ಬ ಹುಡುಗಿ ತನ್ನ ಗೆಳತಿಯೊಂದಿಗೆ ಒಳಬಂದಳು. ಇವನನ್ನು ನೋಡಿ ಅವಳ ಕಣ್ಣರಳಿತು.

"ಸರ್, ನೀವು ಆ ವಿಡಿಯೋದವರು ಅಲ್ವಾ? ನಿಮ್ಮನ್ನ ನೋಡಿಯೇ ನಾವು ಮನೆ ಬಿಟ್ಟು ಹೊರಟಿದ್ದು."

ಸವಾರಿಯ ಬೆನ್ನು ನೆಟ್ಟಗಾಯಿತು, ದನಿ ಗಂಭೀರವಾಯಿತು. ಲಾರಿ, ಮಳೆ, ಗಾಳಿ ಎಲ್ಲವೂ ಈಗ ಅವನು ಬೇಕೆಂದೇ ಆರಿಸಿಕೊಂಡ ಭಾಗ್ಯಗಳಾದವು. ಹುಡುಗಿ ನನ್ನತ್ತ, ನನ್ನ ಕೈಯ ಒದ್ದೆ ಕರವಸ್ತ್ರದತ್ತ ನೋಡಿದಳು.

"ಇವರು?"

"ದಾರೀಲಿ ಸಿಕ್ಕವರು" ಎಂದ ನನ್ನ ತಮ್ಮ. "ಪಾಪ, ಇದೇ ಮೊದಲು ಮನೆಯಿಂದ ಹೊರಗೆ ಬಂದಿದ್ದಾರೆ."

ಸಿಟ್ಟು ಬಂದಿದ್ದರೆ ಒಂದೇಟು ಕೊಟ್ಟು ಸುಮ್ಮನಾಗುತ್ತಿದ್ದೆನೇನೋ. ಸಿಟ್ಟಲ್ಲ, ಹೇಸಿಗೆಯಾಯಿತು. ಅನ್ನದಲ್ಲಿ ಕೂದಲು ಸಿಕ್ಕಾಗ ಆಗುತ್ತದಲ್ಲ, ಅಂಥದ್ದು. ಕರವಸ್ತ್ರ ಹಿಂಡಿ ಚೀಲಕ್ಕೆ ಹಾಕಿದೆ. ಟಿಕೆಟಿನವನ ಕಿಟಕಿ ತಟ್ಟಿ, ಎಕ್ಸ್‌ಪ್ರೆಸ್ ಬಸ್ಸು ಎಲ್ಲಿ ಸಿಗುತ್ತದೆಂದು ಕೇಳಿದೆ. ಹಿಂದಿನ ರಸ್ತೆಯಲ್ಲೇ ಬರುತ್ತದೆ, ಇನ್ನೇನು ಬರುವ ಹೊತ್ತಾಯಿತು ಎಂದ. ನಾನು ತಿರುಗಿ ಬಂದು ಸವಾರಿಯ ಮುಂದೆ ನಿಂತೆ.

"ಬರ್ತೀನಿ ಸರ್. ನಿಮ್ಮ ಪರಿಚಯ ಆಗಿದ್ದು ಸಂತೋಷ. ಹುಷಾರಾಗಿ ಹೋಗಿ."

ಗಾರೆಯ ಕೆಳಗೆ ಅವನ ಮುಖ ಬಿಳುಚಿತು. ಅಕ್ಕ ಎಂಬ ಎರಡಕ್ಷರ ಬಾಯಿತನಕ ಬಂದಂತೆ ಕಂಡಿತು. ಹುಡುಗಿಯರ ಕಡೆ ನೋಡಿದ, ನುಂಗಿಕೊಂಡ.

ಬಸ್ಸಿನಲ್ಲಿ ಮೆತ್ತನೆ ಸೀಟು. ಸೇತುವೆಯ ಮೇಲಿಂದ ಸಂಜೆಯ ಕೊಲ್ಲಿ ಇಡಿಯಾಗಿ ಕಂಡಿತು, ಕಣ್ತುಂಬ ನೋಡಿದೆ. ದೀಪ ಹಚ್ಚುವ ಹೊತ್ತಿಗೆ ಚಿಕ್ಕಮ್ಮನ ಮನೆಯಲ್ಲಿದ್ದೆ.

ಅವನು ಮಾರನೆಯ ಮಧ್ಯಾಹ್ನ ದೋಣಿಯಲ್ಲಿ ಬಂದ. ಸ್ನಾನ ಮಾಡಿದ, ಉಂಡ, ಚಿಕ್ಕಮ್ಮನ ಪಕ್ಕ ಕೂತು ತಾನು ಕಂಡ ಹಿಮದ ಬೆಟ್ಟಗಳ ಕಥೆ ಹೇಳಿದ. ಕಣ್ಣಿಗೆ ಪಟ್ಟಿ ಕಟ್ಟಿದ್ದ ಅವಳು ಅವನ ಕೈ ಸವರುತ್ತ ಕೇಳಿದಳು. ಅವನು ನನ್ನಲ್ಲಿ ಕ್ಷಮೆ ಕೇಳಲಿಲ್ಲ, ನಾನೂ ಆ ವಿಷಯ ಎತ್ತಲಿಲ್ಲ. ಅನ್ನ ಬಡಿಸಿದೆ, ಮಾತು ಬಡಿಸಲಿಲ್ಲ. ಡಾಕ್ಟರು ಪಟ್ಟಿ ಬಿಚ್ಚಬೇಕಾದ ದಿನ ಬೆಳಗ್ಗೆಯೇ ಅವನ ಬಟ್ಟೆಗಳು ಮತ್ತೆ ಸುರುಳಿಯಾದವು.

"ಸಂಜೆವರೆಗೆ ಇರು ಮಗಾ, ನಿನ್ನ ಮುಖ ನೋಡಬೇಕು" ಎಂದಳು ಚಿಕ್ಕಮ್ಮ.

"ಒಂದೇ ಕಡೆ ಇದ್ರೆ ನನಗೆ ಉಸಿರು ಕಟ್ಟುತ್ತೆ ಚಿಕ್ಕಮ್ಮ. ವಿಡಿಯೋದಲ್ಲಿ ನೋಡಿ" ಎಂದು ಚೀಲ ಏರಿಸಿಕೊಂಡು ಹೋದ.

ಪಟ್ಟಿ ಬಿಚ್ಚಿದ ಮೇಲೆ ಅವಳು ಮೊದಲು ನನ್ನನ್ನು ನೋಡಿದಳು, ಆಮೇಲೆ ಕೋಣೆಯನ್ನೆಲ್ಲ ಸುತ್ತ ನೋಡಿದಳು.

"ತಿರುಗಿ ತಿರುಗಿ ಸೊರಗಿಹೋಗಿದ್ದಾನೇನೇ?" ಎಂದು ಕೇಳಿದಳು.

"ಇಲ್ಲ ಚಿಕ್ಕಮ್ಮ, ಗುಂಡು ಗುಂಡಾಗಿದ್ದಾನೆ" ಎಂದೆ, ಅವಳ ಕಣ್ಣಿಗೆ ಔಷಧಿಯ ಹನಿ ಬಿಡುತ್ತ.