ಕುಲುಮೆ ನೋಡಿ ಕೊಂಡ ಷೇರು

ಅಡುಗೆಮನೆಯಲ್ಲಿ ಅನಕಾಪಲ್ಲಿಯ ಬೆಲ್ಲ ಕರಗುವ ವಾಸನೆ ಬಂದರೆ ಬೇರೆಯವರಿಗೆ ಹೋಳಿಗೆ ನೆನಪಾಗುತ್ತದೆ, ನನಗೆ ಷೇರು. ನೀವು ನಗುತ್ತೀರಿ, ನಗಿ. ಪೂರ್ತಿ ಕೇಳಿದ ಮೇಲೆ ಇನ್ನಷ್ಟು ನಗುತ್ತೀರಿ.

ಆಗ ನಾನು ವಿಶಾಖಪಟ್ಟಣದ ಉಕ್ಕಿನ ಕಾರ್ಖಾನೆಯಲ್ಲಿ ಕುಲುಮೆ ವಿಭಾಗದ ಇಂಜಿನಿಯರ್. ಚಿಂತೆ ನನ್ನ ಹುಟ್ಟುಗುಣ. ಗ್ಯಾಸ್ ಆರಿಸಿದ್ದೇನೋ ಇಲ್ಲವೋ ಎಂದು ಬಸ್ಸಿನಿಂದಿಳಿದು ಮನೆಗೆ ವಾಪಸು ಓಡಿದವನು. ಅಂಥವನು ಎಂವಿಪಿ ಕಾಲೋನಿಯಲ್ಲಿ ಫ್ಲ್ಯಾಟ್ ಕೊಳ್ಳಲೆಂದು ಕೂಡಿಟ್ಟ ಹಣದಲ್ಲಿ ಅರ್ಧವನ್ನು ಒಂದೇ ಕಂಪನಿಗೆ ಸುರಿದದ್ದು ಹೇಗೆ? ನಮ್ಮಂಥ ಚಿಂತೆಗಾರರದ್ದೊಂದು ದೌರ್ಬಲ್ಯವಿದೆ. ತಮಗೆ ಗೊತ್ತಿರುವ ವಿಷಯ ಸಿಕ್ಕಿತೆಂದರೆ ಚಿಂತೆಯೆಲ್ಲ ಒಟ್ಟಿಗೇ ರಜೆ ಹಾಕಿಬಿಡುತ್ತದೆ.

ಸಂಕ್ರಾಂತಿಗೆ ಮುಂಚೆ ಕಾರ್ಖಾನೆಯ ಟೌನ್‌ಶಿಪ್ಪಿನ ಕನ್ನಡದವರೆಲ್ಲ ಬೆಲ್ಲ ತರಲು ಅನಕಾಪಲ್ಲಿಗೆ ಹೋಗುತ್ತಿದ್ದೆವು. ಒಂದು ವರ್ಷ ಪರಿಚಯದವರೊಬ್ಬರು ದಾರಿಯಲ್ಲಿದ್ದ ಖಾಸಗಿ ಉಕ್ಕಿನ ಘಟಕವೊಂದಕ್ಕೆ ಕರೆದೊಯ್ದರು. ಕುಲುಮೆಯ ಕಿಂಡಿಯಲ್ಲಿ ಬಗ್ಗಿ ನೋಡಿದೆ. ಆಹಾ, ಏನು ಬಣ್ಣ! ನಮ್ಮಲ್ಲಿ ಅಂಥ ಉರಿ ಬರಬೇಕಾದರೆ ನಾಲ್ಕಾರು ಮೀಟಿಂಗ್ ಆಗಬೇಕಿತ್ತು. ಆ ವಾರವೇ ದ್ವಾರಕಾ ನಗರದ ಬ್ರೋಕರ್ ಆಫೀಸಿಗೆ ಹೋಗಿ ಆ ಕಂಪನಿಯ ಷೇರು ಕೊಂಡೆ.

ವಿಜಯವಾಡದಲ್ಲಿ ಬ್ಯಾಂಕ್ ಆಫೀಸರಾಗಿದ್ದ ನನ್ನ ಷಡ್ಡಕರು ಫೋನಿನಲ್ಲಿ ಕೇಳಿದರು: “ಕಂಪನಿಯ ವಾರ್ಷಿಕ ವರದಿ ನೋಡಿದ್ರಾ?”

“ನೋಡಿದೆ. ಮುಖಪುಟದಲ್ಲೇ ಕುಲುಮೆ ಫೋಟೋ ಇದೆ, ಬಹಳ ಚೆನ್ನಾಗಿದೆ.”

“ಒಳಗಡೆ ಸಾಲದ ಪುಟಾನೂ ಇರುತ್ತೆ ಸ್ವಾಮಿ.”

ಬಡ್ಡಿ ಲೆಕ್ಕ ಹಾಕುವವರಿಗೆ ಕಬ್ಬಿಣದ ಗಂಧ ಎಲ್ಲಿಂದ ಬರಬೇಕು ಎಂದುಕೊಂಡು ಫೋನಿಟ್ಟೆ.

ಎರಡು ಸಾವಿರದ ಎಂಟರಲ್ಲಿ ಮಾರುಕಟ್ಟೆ ಕುಸಿಯಿತು. ನನ್ನ ಷೇರು ಎಲ್ಲರಿಗಿಂತ ಮುಂದೆ ಓಡಿ ಪಾತಾಳ ಸೇರಿತು. ತಮಾಷೆ ಕೇಳಿ: ಅದನ್ನು ಮಾರಲಿಲ್ಲ. ಲಾಭದಲ್ಲಿದ್ದ ಇನ್ನೊಂದನ್ನು ಮಾರಿ ಇದನ್ನೇ ಮತ್ತಷ್ಟು ಕೊಂಡೆ. ‘ಮಾರಿದರೆ ತಾನೆ ನಷ್ಟ’ ಎಂಬುದು ನಮ್ಮ ಪ್ಲಾಂಟ್ ಬಸ್ಸಿನ ಸರ್ವಾನುಮತದ ಸಿದ್ಧಾಂತವಾಗಿತ್ತು. ಸರ್ವಾನುಮತ ಯಾಕೆಂದರೆ, ನನ್ನ ವರ್ಣನೆ ಕೇಳಿ ಬಸ್ಸಿನ ಮುಕ್ಕಾಲು ಪಾಲು ಜನ ಅದನ್ನೇ ಕೊಂಡಿದ್ದರು.

ಅಷ್ಟರಲ್ಲಿ ಬಿಲ್ಡರ್ ಮುಂಗಡಕ್ಕೆ ಯುಗಾದಿಯ ಗಡುವು ಕೊಟ್ಟ. ಕಟ್ಟದಿದ್ದರೆ ಫ್ಲ್ಯಾಟ್ ಬೇರೆಯವರ ಪಾಲು. ಷೇರು ಮಾರಿಸಲೆಂದು ಹೆಂಡತಿ ಶಾರದಾ ನನ್ನ ಜೊತೆ ತಾನೂ ಬ್ರೋಕರ್ ಆಫೀಸಿಗೆ ಹೊರಟಳು.

“ಕೊಂಚೆಂ ಆಗಂಡಿ ಸಾರ್, ಮಳ್ಳೀ ಪೆರುಗುತುಂದಿ,” ಎಂದರು ಅಲ್ಲಿನ ಸತ್ಯಂ ಗಾರು. ಸ್ವಲ್ಪ ತಾಳಿದರೆ ಮತ್ತೆ ಏರುತ್ತದಂತೆ. ನನಗೆ ಬೇಕಾಗಿದ್ದೂ ಅದೇ ಮಾತು.

“ಕೊಂಡ ರೇಟಿಗೆ ಬಂದ ದಿನ ಮಾರ್ತೀನಿ ಕಣೆ.”

“ನೀವು ಎಷ್ಟಕ್ಕೆ ಕೊಂಡ್ರಿ ಅಂತ ಆ ಷೇರಿಗೆ ಗೊತ್ತೇನ್ರೀ?” ಎಂದಳು ಶಾರದಾ. “ಷೇರು ಇಲ್ಲ, ಬರೀ ಇವತ್ತಿನ ದುಡ್ಡು ಕೈಲಿದೆ ಅಂದ್ಕೊಳ್ಳಿ. ಮನೆ ತಗೋತೀರೋ, ಇದನ್ನ ತಗೋತೀರೋ?”

ಸತ್ಯಂ ಗಾರು ಫ್ಯಾನಿನ ಕಡೆ ನೋಡತೊಡಗಿದರು. ನಾನು ಮಾರಿದೆ. ಸಹಿ ಹಾಕುವಾಗ ಚಿಂತೆಯಾದದ್ದು ನಷ್ಟಕ್ಕಲ್ಲ. ನಾಳೆ ಬಸ್ಸಿನಲ್ಲಿ ಯಾವ ಮುಖ ಹೊತ್ತು ಕೂರಲಿ ಎಂಬುದಕ್ಕೆ.

ನೋಡಿಟ್ಟಿದ್ದ ಮೂರು ಕೋಣೆಯದರ ಬದಲು ಅದೇ ಕಟ್ಟಡದಲ್ಲಿ ಎರಡು ಕೋಣೆಯ ಫ್ಲ್ಯಾಟ್ ಸಿಕ್ಕಿತು. ಕೆಲವೇ ವಾರಗಳಲ್ಲಿ ಷೇರು ಏರಿತು! ಬಸ್ಸಿನಲ್ಲಿ ಲಾಡು ಹಂಚಿದರು, ನನಗೂ ಕೊಟ್ಟರು. ತಿಂದೆ. ರಾತ್ರಿ ನಿದ್ದೆಯೂ ಬಂತು, ಅದೇ ನನಗೆ ಆಶ್ಚರ್ಯ. ಆಮೇಲೆ ಅದರ ರೇಟು ನೋಡಲೇ ಇಲ್ಲ ಎಂದರೆ ಸುಳ್ಳಾದೀತು. ನೋಡುತ್ತಿದ್ದೆ, ಪಕ್ಕದ ಮನೆಯ ಜಗಳ ಕೇಳಿದ ಹಾಗೆ.

ಅಂದಿನಿಂದ ನಮ್ಮಲ್ಲೊಂದು ಕಟ್ಟಳೆಯಿದೆ. ಯಾವ ಷೇರನ್ನೇ ಆಗಲಿ, ಕೊಳ್ಳುವ ಮುಂಚೆ ಕಾರಣವನ್ನು ಶಾರದಾಳ ಮುಂದೆ ಬಾಯಿಬಿಟ್ಟು ಹೇಳಬೇಕು. ಅವಳು ಬೇಡ ಎನ್ನುವುದಿಲ್ಲ. ಹಾಗೆನ್ನುವ ಅಗತ್ಯ ಹೆಚ್ಚಾಗಿ ಬೀಳುವುದಿಲ್ಲ. ಇವತ್ತು ಬೆಳಿಗ್ಗೆಯೂ ಪೇಪರ್ ಓದುತ್ತಿದ್ದವಳ ಎದುರು ಕೂತು ಶುರುಮಾಡಿದೆ: “ಒಂದು ಔಷಧದ ಕಂಪನಿ ಇದೆ ಕಣೆ. ಅವರ ಬಿಪಿ ಮಾತ್ರೆ ನನಗೆ ಎಷ್ಟು ಚೆನ್ನಾಗಿ ಒಗ್ಗಿದೆ ಅಂದ್ರೆ…”

ಅಷ್ಟಕ್ಕೇ ನನ್ನ ಮಾತು ನನ್ನ ಕಿವಿಗೇ ಬಿತ್ತು.

“ಹ್ಞೂಂ, ಆಮೇಲೆ?” ಎಂದಳು, ತಲೆಯೆತ್ತದೆ.

“ಆಮೇಲೇನಿಲ್ಲ. ಮಾತ್ರೆ ನುಂಗಿ ಬರ್ತೀನಿ.”