ಹನ್ನೊಂದನೆಯ ಕುಂಡ

ಅವರ ಬಲಗೈ ಹೆಬ್ಬೆರಳಿನ ಉಗುರು ಸೊಪ್ಪು ಚಿವುಟಿ ಚಿವುಟಿ ಹಸಿರಾಗಿತ್ತು. ಎಷ್ಟು ತೊಳೆದರೂ ಹೋಗದ ಹಸಿರು. ತೋರುಬೆರಳು ಮಾತ್ರ ಕಪ್ಪು, ತುದಿಯಲ್ಲಿ ಒಣಗಿದ ಕೆರೆಯಂತೆ ಬಿರುಕು. ಆ ಬೆರಳನ್ನು ಕುಂಡದ ಮಣ್ಣಿಗೆ ಎರಡು ಗೆಣ್ಣಿನವರೆಗೆ ಇಳಿಸಿ, ಹೊರತೆಗೆದು ನೋಡಿ, "ಅಂಟ್ಕಂತು. ಇವತ್ತು ನೀರು ಬ್ಯಾಡ" ಎನ್ನುತ್ತಿದ್ದರು.

ಅವರು ನಮ್ಮ ಬೀದಿಗೆ ಸೊಪ್ಪು ತರುತ್ತಿದ್ದವರು. ವಸಂತಪುರದಿಂದ ಬೆಳಗಿನ ಬಸ್ಸಿಗೆ ಬಂದು, ಬನಶಂಕರಿಯ ನಮ್ಮ ಮನೆಯ ತಿರುವಿನಲ್ಲಿ, ಹೊಂಗೆ ಮರದ ಕೆಳಗೆ ಬುಟ್ಟಿ ಇಳಿಸಿ ಕೂರುತ್ತಿದ್ದರು. ಹೀಗೇ ಮೂವತ್ತು ವರ್ಷ. ಎಲ್ಲರಿಗೂ ಅವರು ಸೊಪ್ಪಮ್ಮ. ನನಗಿಂತ ಹಿರಿಯರಾದರೂ ನಾನು "ಏನಮ್ಮ, ಬಂದ್ಯಾ?" ಎಂದೇ ಮಾತನಾಡಿಸಿದವನು. ಈಗ 'ಅವರು' ಎಂದು ಬರೆಯುವಾಗ ನಾಚಿಕೆಯಾಗುತ್ತದೆ.

ತಾರಸಿಯ ಮೇಲೆ ಹದಿನೆಂಟು ಕುಂಡಗಳನ್ನಿಟ್ಟು ತೋಟ ಶುರು ಮಾಡಿದವರು ನನ್ನ ಹೆಂಡತಿ ಮತ್ತು ಅವರು. ಹೆಂಡತಿ ತೀರಿಕೊಂಡ ಮೇಲೆ ನಾನು ತಾರಸಿ ಹತ್ತುವುದನ್ನೇ ಬಿಟ್ಟಿದ್ದೆ. ಅವರೇ ವ್ಯಾಪಾರ ಮುಗಿಸಿ, ಹೇಳದೆ ಕೇಳದೆ ಮೆಟ್ಟಿಲು ಹತ್ತಿ, ಒಣಗಿದ್ದನ್ನು ತೆಗೆದು ಹೊಸದನ್ನು ಊರಿ ಬರುತ್ತಿದ್ದರು. "ನಿನಗ್ಯಾಕಮ್ಮ ಈ ಕಷ್ಟ?" ಎಂದರೆ, "ಅಕ್ಕೋರು ಇಟ್ಟ ಗಿಡ ಸಾಮಿ. ಒಣಗಿದ್ರೆ ನನ್ ಕಣ್ಣಾಗೆ ನೋಡಕ್ಕಾಗಲ್ಲ. ನೀವು ಕಾಫಿ ಕುಡ್ಕಂಡು ಕೂತ್ಕಳಿ" ಎನ್ನುತ್ತಿದ್ದರು.

ಹೀಗಿರುವಾಗ ಜೆ.ಪಿ. ನಗರದಲ್ಲಿರುವ ಮಗಳು ನನಗೆ ಹೊಸ ಫೋನು ಕೊಡಿಸಿದಳು. "ಅಪ್ಪ, ಸುಮ್ನೆ ಕೂರ್ಬೇಡ. ಟೆರೇಸ್ ಗಾರ್ಡನ್ ಪ್ಲಾನ್ ಮಾಡೋಕೂ ಆ್ಯಪ್ ಇದೆ, ನೋಡು" ಎಂದಳು. ನಾನು ಎಸ್ಸೆಸ್ಸೆಲ್ಸಿ ಓದಿ ಕಾರ್ಖಾನೆಯ ಸ್ಟೋರಿನಲ್ಲಿ ದುಡಿದವನು. ಯಾವ ವಸ್ತು ಯಾವ ಗೂಡಿನಲ್ಲಿದೆ ಎಂದು ಕಾಗದದ ಮೇಲೆ ಕಂಡರೇ ನನಗೆ ಸಮಾಧಾನ. ಹುಡುಕಿದರೆ ನೂರಾರು ಆ್ಯಪ್‌ಗಳು, ಎಲ್ಲಕ್ಕೂ ನಾಲ್ಕೂವರೆ ನಕ್ಷತ್ರ. ಯಾವುದನ್ನು ಆರಿಸುವುದು? ತಿಳಿಯದೆ ಮೂರನ್ನು ಇಳಿಸಿಕೊಂಡೆ. ಒಂದು, ತಾರಸಿಯ ಉದ್ದಗಲ ಕೇಳಿ ಚೌಕಗಳ ನಕ್ಷೆ ಹಾಕಿ, ದಿನಾ ನೀರು ಹಾಕಿ ಎಂದಿತು. ಇನ್ನೊಂದು, ವಾರಕ್ಕೆ ಎರಡೇ ಸಲ ಎಂದಿತು. ಮೂರನೆಯದು ಎಲೆಯ ಚಿತ್ರ ತೆಗೆದರೆ ಗಿಡದ ಹೆಸರು ಹೇಳುವಂಥದ್ದು.

ನಕ್ಷೆಯ ಆ್ಯಪ್ ಇದ್ದಕ್ಕಿದ್ದಂತೆ, ನಿಮ್ಮಲ್ಲಿ ಕೊನೆಯ ಹಿಮ ಬೀಳುವ ದಿನ ಯಾವುದು ಎಂದು ಕೇಳಿತು. ಉತ್ತರ ಕೊಡದೆ ಮುಂದಕ್ಕೆ ಬಿಡುವುದಿಲ್ಲ. ನಾನು ಸೊಪ್ಪಮ್ಮನನ್ನು ಕೇಳಿದೆ.

"ಮಂಜಾ ಸಾಮಿ? ಧನುರ್ಮಾಸದಾಗೆ ಬೀಳ್ತದೆ, ಬಿಸ್ಲು ಬಂದ್ರೆ ಹೋಯ್ತದೆ. ಫೋನಿಗ್ಯಾಕಂತೆ ಅದು?" ಎಂದು ಬುಟ್ಟಿ ಹಿಡಿದುಕೊಂಡು ನಕ್ಕರು.

ಸಂಕ್ರಾಂತಿಯ ದಿನವನ್ನು ಒತ್ತಿದೆ. ಅದು ಟೊಮೇಟೊ ಸಸಿಗಳನ್ನು ಅಲ್ಲಿಯವರೆಗೆ ಮನೆಯೊಳಗೆ ಬೆಚ್ಚಗಿಡಲು ಹೇಳಿತು. ಇಟ್ಟೆ. ಎಲ್ಲ ಬೆಳ್ಳಗಾಗಿ ಮಲಗಿದವು.

ಒಂದು ದಿನ ನಕ್ಷೆಯನ್ನು ಅವರಿಗೂ ತೋರಿಸಿದೆ. ಅವರು ಕುತೂಹಲದಿಂದ ತೋರುಬೆರಳನ್ನು ಗಾಜಿನ ಮೇಲೆ ಒತ್ತಿದರು. ಏನೂ ಅಲ್ಲಾಡಲಿಲ್ಲ. ಸೆರಗಿಗೆ ಒರೆಸಿಕೊಂಡು ಮತ್ತೆ ಒತ್ತಿದರು. ನಾನು ಮುಟ್ಟಿದರೆ ಚೌಕ ಸರಿಯುತ್ತಿತ್ತು. "ನನ್ ಬೆಟ್ಟು ಇದ್ರ ಲೆಕ್ಕಕ್ಕೇ ಇಲ್ವಲ್ಲ ಸಾಮಿ!" ಎಂದರು. ನಾನೂ ನಕ್ಕೆ. ಆ ನಗುವಿನಲ್ಲಿ ಜಂಬವಿತ್ತು, ಒಪ್ಪಿಕೊಳ್ಳುತ್ತೇನೆ.

ಹನ್ನೊಂದನೆಯ ಕುಂಡದಲ್ಲಿ ಸಣ್ಣ ಬಿಳಿ ಹೂವಿನ, ಮಣಿಯಂಥ ಕಾಯಿಯ ಗಿಡವೊಂದು ಹಬ್ಬಿತ್ತು. ನಕ್ಷೆಯಲ್ಲಿ ಅದಕ್ಕೆ ಜಾಗವಿರಲಿಲ್ಲ. ಚಿತ್ರ ತೆಗೆದೆ. ಫೋನು ಕೆಂಪು ಅಕ್ಷರದಲ್ಲಿ 'ವಿಷಕಾರಿ' ಎಂದಿತು. ಅದೇ ಸೊಪ್ಪಿನ ಕಟ್ಟುಗಳನ್ನು ಅವರ ಬುಟ್ಟಿಯಲ್ಲೂ ಕಂಡಿದ್ದೆ. ಗಿಡವನ್ನು ಬೇರು ಸಮೇತ ಕಿತ್ತು ಎಸೆದೆ. ಅಷ್ಟಕ್ಕೇ ನಿಲ್ಲಬೇಕಿತ್ತು. ಬೀದಿಯವರೆಲ್ಲ ಇರುವ ಫೋನಿನ ಗುಂಪಿಗೆ ಆ ಕೆಂಪು ಅಕ್ಷರದ ಚಿತ್ರವನ್ನು ಹಾಕಿ, 'ಸೊಪ್ಪಮ್ಮ ಮಾರುವ ಸೊಪ್ಪಿನಲ್ಲಿ ವಿಷದ ಗಿಡವಿದೆ, ಎಚ್ಚರಿಕೆ' ಎಂದು ಬರೆದೆ. ಆಗ ಅವರು ಇಪ್ಪತ್ತು ಹೆಜ್ಜೆ ದೂರದಲ್ಲಿ ಮರದ ಕೆಳಗೇ ಇದ್ದರು. ಇಳಿದು ಹೋಗಿ ಒಂದು ಮಾತು ಕೇಳಬಹುದಿತ್ತು.

ಮರುದಿನ ಎದುರುಮನೆಯಾಕೆ ಸೊಪ್ಪಿನ ಕಟ್ಟನ್ನು ವಾಪಸು ತಂದು ಬುಟ್ಟಿಗೆ ಹಾಕಿದರು. "ಬೇಡ ಕಣಮ್ಮ, ಮನೇಲಿ ಮಕ್ಕಳಿದಾರೆ."

ಸೊಪ್ಪಮ್ಮನಿಗೆ ಏನೆಂದು ತಿಳಿಯಲಿಲ್ಲ. ನಾನು ಮುಂದೆ ಹೋಗಿ ಫೋನು ಹಿಡಿದೆ. ಅವರಿಗೆ ಓದಲು ಬಾರದು, ಎಲೆ ಮಾತ್ರ ಗುರುತಾಯಿತು.

"ಗಣಿಕೆ ಸೊಪ್ಪು ಇದು. ಹಸಿರು ಕಾಯಿ ಬಾಯಿಗಿಡಬ್ಯಾಡಿ, ಸೊಪ್ಪು ಚೆನ್ನಾಗಿ ಬೇಯ್ಸಿ ಅಂತ ಕೊಡುವಾಗ್ಲೇ ಹೇಳ್ತೀನಲ್ವಾ?"

"ಫೋನಲ್ಲಿ ವಿಷ ಅಂತ ಬರೆದಿದೆಯಮ್ಮ," ಎಂದೆ.

ಅವರು ವಾಪಸು ಬಂದ ಕಟ್ಟನ್ನು ಎತ್ತಿ ಬುಟ್ಟಿಯಲ್ಲಿ ನೆಟ್ಟಗಿಟ್ಟರು. "ಇಷ್ಟು ವರ್ಷ ವಿಷ ತಿಂದ್ಕಂಡೇ ಬದುಕಿದ್ದೀರಲ್ಲ ಸಾಮಿ. ಗಟ್ಟಿ ಜೀವ ನಿಮ್ದು."

ವಾರದೊಳಗೆ ಬುಟ್ಟಿಯ ಮುಂದೆ ನಿಲ್ಲುವವರೇ ಇಲ್ಲವಾದರು. ಅವರು ಬರುವುದನ್ನು ಬಿಟ್ಟರು.

ಅವರ ಆ ಮಾತು ನನಗೆ ಅರ್ಥವಾಗಲಿಲ್ಲ. ನಾನು ಯಾವಾಗ ತಿಂದೆ? ಗೊಂದಲ ಕಳೆಯಲೆಂದು ಎಲೆ ಗುರುತಿಸುವ ಇನ್ನೆರಡು ಆ್ಯಪ್ ಇಳಿಸಿ ಅದೇ ಚಿತ್ರ ತೋರಿಸಿದೆ. ಒಂದು, ಬೇಯಿಸಿ ತಿನ್ನಬಹುದು ಎಂದಿತು. ಇನ್ನೊಂದು ಮೆಣಸಿನ ಗಿಡ ಎಂದಿತು. ಭಾನುವಾರ ಬಂದ ಮಗಳ ಮುಂದೆ ಫೋನು ಹಿಡಿದೆ.

"ಗಣಿಕೆ ಅಲ್ವೇನಪ್ಪ ಇದು? ನಿಂಗೆ ಬಾಯಿ ಹುಣ್ಣಾದಾಗೆಲ್ಲ ಅಮ್ಮ ಇದ್ರದ್ದೇ ತಂಬುಳಿ ಮಾಡ್ತಿದ್ಲು. ನಿನಗೋಸ್ಕರವೇ ಸೊಪ್ಪಮ್ಮನ ಕೈಲಿ ಆ ಪಾಟ್ ಹಾಕ್ಸಿದ್ದು."

ವರ್ಷಗಟ್ಟಲೆ ತಿಂದಿದ್ದೆ. ಬಟ್ಟಲನ್ನು ನೋಡಿದ್ದೆನೇ ಹೊರತು ಎಲೆಯನ್ನು ನೋಡಿರಲಿಲ್ಲ.

ವಸಂತಪುರಕ್ಕೆ ಹೋದೆ. "ಸೊಪ್ಪಮ್ಮನ ಮನೆ ಎಲ್ಲಿ?" ಎಂದರೆ "ಯಾವ ಸೊಪ್ಪಮ್ಮ?" ಎಂದು ತಿರುಗಿ ಕೇಳಿದರು. ಬನಶಂಕರಿಗೆ ಹೋಗುತ್ತಿದ್ದವರು ಎಂದ ಮೇಲೆ ದಾರಿ ತೋರಿಸಿದರು. ಅವರು ಜಗಲಿಯ ಮೇಲೆ ಕೂತಿದ್ದರು, ಸೊರಗಿದ್ದರು.

"ತಪ್ಪಾಯ್ತಮ್ಮ," ಎಂದೆ.

"ನನ್ನತ್ರ ಯಾಕೆ ಹೇಳ್ತೀರಿ? ಅದು ವಿಷ ಅಲ್ಲ ಅಂತ ನಂಗೊತ್ತು. ಯಾರಿಗೆ ವಿಷ ಅಂತ ಹೇಳಿದ್ರೋ ಅವ್ರಿಗೆ ಹೇಳಿ. ನೀವು ಹೇಳಿದ್ರೆ ನಾಳೆನೇ ಬುಟ್ಟಿ ಎತ್ಕಂಡು ಬರ್ತೀನಿ."

ಹೊರಡುವಾಗ ಕಪ್ಪಗೆ ಹಣ್ಣಾದ ನಾಲ್ಕು ಗಣಿಕೆ ಹಣ್ಣು ತಂದು ನನ್ನ ಅಂಗೈಗೆ ಹಾಕಿದರು. "ಫೋನಿಗೆ ತೋರ್ಸಿ, ಆಮ್ಯಾಕೆ ತಿನ್ನಿ." ಕ್ಷಮಿಸಿದರೋ, ಚುಚ್ಚಿದರೋ, ಇವತ್ತಿಗೂ ನನಗೆ ತಿಳಿಯದು. ಅಲ್ಲೇ ನಿಂತು ತಿಂದೆ.

ಗುಂಪಿಗೆ ನಾಲ್ಕು ಸಾಲು ಬರೆಯುವುದಷ್ಟೇ ಕೆಲಸ. ಬರೆದೆ, ಅಳಿಸಿದೆ. ನಾನು ಬೀದಿಯ ಸಂಘದ ಕಾರ್ಯದರ್ಶಿ, ಕಸದ ಬಗ್ಗೆ, ನೀರಿನ ಬಗ್ಗೆ ಎಲ್ಲರಿಗೂ ಬುದ್ಧಿ ಹೇಳುವವನು. ಒಳ್ಳೆಯ ಸಮಯ ನೋಡಿ ಹಾಕೋಣ ಎಂದುಕೊಂಡೆ. ಯುಗಾದಿ ಕಳೆಯಿತು. ಗೌರಿ ಹಬ್ಬ ಬಂತು. ಹಬ್ಬಕ್ಕೆ ಹೂವು ಕೊಳ್ಳಲು ತಿರುವಿಗೆ ಹೋದಾಗ ಹೂವಿನಾಕೆ, "ಸೊಪ್ಪಮ್ಮ ಹೋಗ್ಬಿಟ್ರಂತೆ ಸಾರ್, ಹೋದ್ವಾರ. ಎದೆ ನೋವಂತೆ" ಎಂದಳು.

ಮನೆಗೆ ಬಂದು ಚಪ್ಪಲಿಯನ್ನೂ ಬಿಡದೆ ಎಲ್ಲವನ್ನೂ ಬರೆದು ಹಾಕಿದೆ. ಕೈ ಮುಗಿದ ಚಿತ್ರಗಳು ಸಾಲಾಗಿ ಬಂದವು. ಒಬ್ಬರು, "ಅಂಕಲ್, ಆ ಆ್ಯಪ್ ಯಾವುದು?" ಎಂದು ಕೇಳಿದರು. ಹೊಂಗೆ ಮರದ ಕೆಳಗೆ ಈಗ ಯಾರದೋ ಸ್ಕೂಟರ್ ನಿಲ್ಲುತ್ತದೆ.

ಹಕ್ಕಿ ಹಾಕಿತೋ, ಬೇರು ಉಳಿದಿತ್ತೋ, ಈ ಮಳೆಗಾಲದಲ್ಲಿ ಹನ್ನೊಂದನೆಯ ಕುಂಡದಲ್ಲಿ ಗಣಿಕೆ ಮತ್ತೆ ಎದ್ದಿದೆ. ನಾನೂ ಬೆರಳನ್ನು ಎರಡು ಗೆಣ್ಣಿನವರೆಗೆ ಇಳಿಸಿ ನೋಡುತ್ತೇನೆ. ಅಂಟಿತೋ ಇಲ್ಲವೋ ಎಂದು ಹೇಳಲು ನನಗೆ ಬರುವುದಿಲ್ಲ. ನೀರು ಹಾಕಲೋ ಬೇಡವೋ ಎಂದು ಚೊಂಬು ಹಿಡಿದು ನಿಂತಿರುತ್ತೇನೆ.

ಮೊನ್ನೆ ನಕ್ಷೆಯಲ್ಲಿ ಅದಕ್ಕೊಂದು ಚೌಕ ಕೊಟ್ಟೆ. ಈ ಗಿಡಕ್ಕೆ ನಿಮಗಿಷ್ಟವಾದ ಹೆಸರಿಡಿ ಎಂದು ಆ್ಯಪ್ ಕೇಳಿತು. ಅವರ ಹೆಸರನ್ನೇ ಇಡೋಣ ಎಂದು ಬೆರಳಿಟ್ಟೆ. ಮೂವತ್ತು ವರ್ಷದಲ್ಲಿ ನಾನು ಅವರ ಹೆಸರನ್ನು ಕೇಳಿರಲಿಲ್ಲ.